38-13ರಲ್ಲಿ ಬಿದ್ದ ಮಸೂದೆ: ಪುಣೆಯ ಗೋಖಲೆ ಸೋತು ಗೆದ್ದದ್ದು ಹೇಗೆ?

ಪುಣೆ: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಇಂದು ಸಂವಿಧಾನ ನೀಡಿರುವ ಹಕ್ಕು. ಆದರೆ ಈ ಬೇಡಿಕೆ ಮಸೂದೆಯ ರೂಪದಲ್ಲಿ ದೇಶದ ಶಾಸನ ಸಭೆಗೆ ಮೊದಲು ಬಂದಾಗ ಸಿಕ್ಕಿದ್ದು ಕೇವಲ 13 ಮತ. ಅದನ್ನು ಮಂಡಿಸಿದವರು ಪುಣೆಯ ಮಾಜಿ ಕಾಲೇಜು ಮೇಷ್ಟ್ರು ಗೋಪಾಲಕೃಷ್ಣ ಗೋಖಲೆ.

ಅಣ್ಣನ ಸಂಬಳದಲ್ಲಿ ಓದು

ಗೋಖಲೆ ಹುಟ್ಟಿದ್ದು 1866ರ ಮೇ 9ರಂದು, ರತ್ನಗಿರಿ ಜಿಲ್ಲೆಯ ಕೋತಳೂಕದಲ್ಲಿ. ಬಾಲ್ಯ ಕಳೆದದ್ದು ನಮ್ಮ ನಿಪ್ಪಾಣಿಗೆ ಹತ್ತಿರದ ಕಾಗಲ್‌ನಲ್ಲಿ. 1879ರಲ್ಲಿ ತಂದೆ ತೀರಿಕೊಂಡಾಗ ಅಣ್ಣ ಗೋವಿಂದರಾವ್ ಓದು ಬಿಟ್ಟು ಕೆಲಸಕ್ಕೆ ಸೇರಿದರು. ತಿಂಗಳಿಗೆ ಬರುತ್ತಿದ್ದ 15 ರೂಪಾಯಿಯಲ್ಲಿ 8 ರೂಪಾಯಿ ತಮ್ಮನ ಓದಿಗೆ ಹೋಗುತ್ತಿತ್ತು. 1884ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಮುಗಿಸಿದ ಗೋಖಲೆ ಪುಣೆಗೆ ಬಂದು ಡೆಕ್ಕನ್ ಎಜುಕೇಶನ್ ಸೊಸೈಟಿ ಸೇರಿದರು. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡಿದರು.

ಮತವಿಲ್ಲದ ಸದಸ್ಯ

1899ರಲ್ಲಿ ಬಾಂಬೆ ಶಾಸನ ಸಭೆಗೆ, ಆನಂತರ ಕಲ್ಕತ್ತಾದಲ್ಲಿ ವೈಸರಾಯ್ ಅಧ್ಯಕ್ಷತೆಯಲ್ಲಿ ಸೇರುತ್ತಿದ್ದ ಕೇಂದ್ರ ಶಾಸನ ಸಭೆಗೆ ಗೋಖಲೆ ಆಯ್ಕೆಯಾದರು. ಆಗ ಸದಸ್ಯರು ಬಜೆಟ್ ಮೇಲೆ ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಸಭೆಯಲ್ಲಿ ಸರ್ಕಾರಿ ಅಧಿಕಾರಿಗಳದ್ದೇ ಬಹುಮತ.

ಹಾಗಾಗಿ ಗೋಖಲೆ ನೆಚ್ಚಿಕೊಂಡದ್ದು ಲೆಕ್ಕವನ್ನು. 1902ರ ಬಜೆಟ್ ಚರ್ಚೆಯಲ್ಲಿ ಅವರು ಸರ್ಕಾರದ್ದೇ ಅಂಕಿಗಳನ್ನು ಮುಂದಿಟ್ಟರು. ಬೊಕ್ಕಸದಲ್ಲಿ ಉಳಿದ ಕೋಟಿಗಟ್ಟಲೆ ಹಣ ಜನರ ಏಳಿಗೆಯ ಗುರುತಲ್ಲ, ಬರದಿಂದ ಬಸವಳಿದವರ ಮೇಲಿನ ಅತಿಯಾದ ತೆರಿಗೆಯ ಫಲ ಎಂದು ವಾದಿಸಿದರು. ಉಪ್ಪಿನ ಸುಂಕ ಇಳಿಸಿ ಎಂದು ಒತ್ತಾಯಿಸಿದರು. 1903ರಿಂದ 1907ರೊಳಗೆ ಮೂರು ಕಂತುಗಳಲ್ಲಿ ಆ ಸುಂಕ ಮಣಕ್ಕೆ ಎರಡೂವರೆ ರೂಪಾಯಿಯಿಂದ ಒಂದು ರೂಪಾಯಿಗೆ ಇಳಿಯಿತು. 1905ರಲ್ಲಿ ಅವರು ಪುಣೆಯಲ್ಲಿ ಭಾರತ ಸೇವಕ ಸಮಾಜ ಸ್ಥಾಪಿಸಿದರು. ಅದೇ ವರ್ಷ ಕಾಂಗ್ರೆಸ್ ಅಧ್ಯಕ್ಷರೂ ಆದರು.

ಮಸೂದೆಯಲ್ಲಿ ಏನಿತ್ತು?

1911ರ ಮಾರ್ಚ್ 16ರಂದು ಗೋಖಲೆ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಅದು ತುಂಬ ಎಚ್ಚರಿಕೆಯ ಮಸೂದೆ. ಒಂದು ಊರಿನಲ್ಲಿ ನಿಗದಿತ ಪ್ರಮಾಣದ ಮಕ್ಕಳು ಈಗಾಗಲೇ ಶಾಲೆಗೆ ಹೋಗುತ್ತಿದ್ದರೆ ಮಾತ್ರ, ಸರ್ಕಾರದ ಅನುಮತಿ ಪಡೆದು, ಸ್ಥಳೀಯ ಸಂಸ್ಥೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದಿತ್ತು. ಅದೂ ಮೊದಲಿಗೆ 6ರಿಂದ 10 ವರ್ಷದ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ವಿಸ್ತರಿಸಲು ಅವಕಾಶವಿತ್ತು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯವಿರುವ ಪೋಷಕರಿಗೆ ಶುಲ್ಕವಿಲ್ಲ.

ಖರ್ಚು ಹೆಚ್ಚು, ಜನರಿಗೇ ಇದು ಬೇಕಿಲ್ಲ ಎಂದು ಸರ್ಕಾರ ವಿರೋಧಿಸಿತು. ಕೆಲವು ಭಾರತೀಯ ಸದಸ್ಯರೂ ಜತೆಗೂಡಿದರು. 1912ರ ಮಾರ್ಚ್ 19ರಂದು ಮಸೂದೆ 38-13 ಮತಗಳಿಂದ ಬಿದ್ದುಹೋಯಿತು. ಸೋಲು ಖಚಿತ ಎಂಬುದು ಗೋಖಲೆಗೆ ಮೊದಲೇ ಗೊತ್ತಿತ್ತು. ಆದರೂ ಮತಕ್ಕೆ ಹಾಕಿಸಿದರು. ಯಾರು ಎತ್ತ ನಿಂತರು ಎಂಬುದು ದಾಖಲಾಯಿತು.

ಆಮೇಲೆ ಏನಾಯಿತು?

ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ತಂದಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಬಾಂಬೆ ಪ್ರಾಂತ್ಯದ ಪುರಸಭೆಗಳಿಗೂ ಅಂಥ ಕಾಯ್ದೆ ಬಂತು. ಗೋಖಲೆ ಅದನ್ನು ನೋಡಲಿಲ್ಲ. 1915ರ ಫೆಬ್ರುವರಿ 19ರಂದು, 48ನೇ ವಯಸ್ಸಿನಲ್ಲಿ, ಪುಣೆಯಲ್ಲಿ ನಿಧನರಾದರು.

ಡಿ.ವಿ. ಗುಂಡಪ್ಪ 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಇವರದೇ ಹೆಸರು. ಇಡೀ ದೇಶಕ್ಕೆ ಅನ್ವಯಿಸುವ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಗೋಖಲೆ ಮಸೂದೆ ಬಿದ್ದು ಅಷ್ಟು ಹೊತ್ತಿಗೆ 98 ವರ್ಷ ಕಳೆದಿತ್ತು.