ಶಾಸನಗಳ ಛಾಯಾಚಿತ್ರದಲ್ಲಿ ಮುಸುಕಿನ ಬಳಕೆ

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಬಳಿಕವೂ ಮಲ್ಲಿಪಟ್ಟಣದಂತಹ ಹೋಬಳಿಗಳಲ್ಲಿ ಬಯಲಿನಲ್ಲಿರುವ ಶಾಸನಶಿಲೆಗಳು ಮಳೆಬಿಸಿಲಿಗೆ ಸವೆಯುವುದು ನಿಂತಿಲ್ಲ. ಪಾಠಗಳನ್ನು ಮರಳಿ ಪರಿಶೀಲಿಸುವವರಿಗೆ ಕಾಗದದ ಪಡಿಯಚ್ಚಿನೊಡನೆ ಇಂದು ಛಾಯಾಚಿತ್ರವೂ ಅದನ್ನು ಸಂಸ್ಕರಿಸುವ ತಂತ್ರಾಂಶವೂ ಒದಗಿವೆ. ಈ ತಂತ್ರಾಂಶದ ಪ್ರಬಲ ಸಾಧನವಾದ ‘ಮಾಸ್ಕ್’, ಅಂದರೆ ಮುಸುಕಿನ ಉಪಯೋಗವನ್ನೂ ಅಪಾಯವನ್ನೂ ಇಲ್ಲಿ ವಿವರಿಸುತ್ತೇವೆ.

ಫೋಟೋಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಲ್ಲಿ ಚಿತ್ರಗಳನ್ನು ಪದರಗಳಾಗಿ ಒಂದರ ಮೇಲೊಂದನ್ನು ಇರಿಸಬಹುದು. ಮೇಲಿನ ಪದರಕ್ಕೆ ಹೊದಿಸಿದ ಮುಸುಕು ಬಿಳಿಯಾಗಿರುವಲ್ಲಿ ಆ ಪದರವು ಕಾಣುತ್ತದೆ, ಕಪ್ಪಾಗಿರುವಲ್ಲಿ ಮರೆಯಾಗುತ್ತದೆ, ಬೂದುಬಣ್ಣವಿರುವಲ್ಲಿ ಅರೆಬರೆಯಾಗಿ ತೋರುತ್ತದೆ. ಮುಸುಕು ಮರೆಸುತ್ತದೆಯೇ ಹೊರತು ಅಳಿಸುವುದಿಲ್ಲ. ಅದನ್ನು ತೆಗೆದೊಡನೆ ಮೂಲಚಿತ್ರವು ಮರಳಿ ದೊರೆಯುತ್ತದೆ.

ಕಲ್ಲಿನ ಮೇಲೆ ಓರೆಯಾಗಿ ಬೀಳುವ ಬೆಳಕು ತನ್ನ ದಿಕ್ಕಿಗೆ ಅಡ್ಡವಾದ ಗೀಟುಗಳಿಗೆ ನೆರಳು ಕೊಡುತ್ತದೆ, ಸಮಾನಾಂತರವಾದವುಗಳಿಗೆ ಕೊಡುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಕದಲಿಸದೆ, ಪಕ್ಕದಿಂದಲೂ ಮೇಲಿನಿಂದಲೂ ಬೆಳಕು ಹಾಯಿಸಿ ಎರಡು ಚಿತ್ರಗಳನ್ನು ತೆಗೆಯಬೇಕು. ಎರಡನೆಯ ಚಿತ್ರದ ಬೆಳಕು-ನೆರಳುಗಳನ್ನೇ ತಿರುವುಮುರುವಾಗಿಸಿ ಅದಕ್ಕೆ ಮುಸುಕಾಗಿ ತೊಡಿಸಿದರೆ, ಅದರ ನೆರಳುಗಳಷ್ಟೇ ಮೊದಲನೆಯದರ ಮೇಲೆ ಕೂಡಿಕೊಳ್ಳುತ್ತವೆ. ಇದನ್ನು ‘ಲ್ಯುಮಿನಾಸಿಟಿ ಮಾಸ್ಕ್’ ಎನ್ನುತ್ತಾರೆ. ಇಲ್ಲಿ ಆಯ್ಕೆ ಮಾಡುವುದು ಕಲ್ಲಿನ ಮೇಲೆ ಬಿದ್ದ ಬೆಳಕು, ಓದುಗನ ಕೈಯಲ್ಲ.

ಕುಂಚದಿಂದ ಕೈಯಾರೆ ಬಳಿಯುವ ಮುಸುಕಿನ ಮಾತು ಬೇರೆ. ಪಕಾರದ ಒಳಗೆ ಒಂದು ಗೀಟು ಸೇರಿದರೆ ಷಕಾರವಾಗುತ್ತದೆ. ಅಕ್ಷರದ ಬದಿಯ ಸಣ್ಣ ಗುಳಿಯನ್ನು ಅನುಸ್ವಾರವೆಂದು ಭ್ರಮಿಸುವುದು ಸುಲಭ. ತಾನು ನಿರೀಕ್ಷಿಸಿದ ಅಕ್ಷರದ ಸುತ್ತ ಮುಸುಕೆಳೆಯುವ ಸಂಶೋಧಕನು ಅರಿವಿಲ್ಲದೆಯೇ ಶಾಸನವನ್ನು ತಾನೇ ಕೊರೆದಂತಾಗುತ್ತದೆ. ಒಂದು ಅಕ್ಷರ ಬದಲಾದರೆ ದಾನ ಪಡೆದವನ ಹೆಸರೂ ಊರಿನ ಹೆಸರೂ ಬದಲಾಗಬಹುದು.

ಇದಕ್ಕೊಂದು ಪರೀಕ್ಷೆಯುಂಟು. ಬೆಳಕನ್ನು ಎದುರುಬದಿಗೆ ಒಯ್ದಾಗ ಕೊರೆದ ಗೀಟಿನ ನೆರಳು ಅದರ ಇನ್ನೊಂದು ಅಂಚಿಗೆ ಸರಿಯುತ್ತದೆ. ಕಲೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದರೆ ಸಹಜವಾದ ಗುಳಿಯಲ್ಲಿಯೂ ನೆರಳು ಸರಿಯುವುದರಿಂದ, ಅದರ ಆಳವನ್ನೂ ಅಂಚನ್ನೂ ನೆರೆಯ ಅಕ್ಷರಗಳೊಡನೆ ಹೋಲಿಸಿ ನೋಡಬೇಕು.

ಆದುದರಿಂದ ಮುಸುಕಿನ ನೆರವಿನಿಂದ ಓದಿದ ಪಾಠವನ್ನು ಪ್ರಕಟಿಸುವವರು ತಿದ್ದದ ಮೂಲಚಿತ್ರಗಳನ್ನೂ ಮುಸುಕನ್ನೂ ಪ್ರತ್ಯೇಕವಾಗಿ ಉಳಿಸಿ, ಕೇಳಿದವರಿಗೆ ತೋರಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಸಂದೇಹ ಉಳಿದ ಕಡೆ ಚುಕ್ಕೆಗಳನ್ನಿಡುವ ಹಿಂದಿನ ಸಂಪಾದಕರ ಪದ್ಧತಿಯನ್ನು ಹೊಸ ಸಾಧನವು ಅನಗತ್ಯಗೊಳಿಸಿಲ್ಲ.