ಸ್ಪ್ರಿಂಗ್ ಕೊಯ್ದರೆ ಕಾರು ತಗ್ಗುತ್ತೆ, ಆಮೇಲೆ?

ಕೆಎ 47 ನಂಬರಿನ ಹಳೇ ಸ್ವಿಫ್ಟ್ ಭಟ್ಕಳದಿಂದ ಕುಮಟೆಗೆ ನೆಲ ಸವರಿಕೊಂಡು ಹೋಗಬೇಕು, ಆದರೆ ಜೇಬು ಖಾಲಿ. ಆಗ ನೆನಪಾಗೋದೇ ಗ್ರೈಂಡರ್: ಸ್ಪ್ರಿಂಗಿನ ಒಂದು ಸುತ್ತು ಕೊಯ್ದರಾಯ್ತು!

ತಗ್ಗುತ್ತೆ, ನಿಜ. ಆದರೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸು. ಶಾಕ್ ಅಬ್ಸಾರ್ಬರ್‌ಗೆ ಆಡಲು ಜಾಗ ಉಳಿಯಲ್ಲ. ಚಕ್ರ ಹೊಂಡಕ್ಕಿಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಸೀಟಿನಿಂದ ಜಾರಲೂಬಹುದು. ಗ್ಯಾಸಿನಲ್ಲಿ ಕಾಯಿಸಿ ಕೂರಿಸೋದಂತೂ ಬೇಡವೇ ಬೇಡ, ಉಕ್ಕಿನ ಹದವೇ ಹೋಗುತ್ತೆ.

ಕಾಸು ಕಡಿಮೆಯಿದ್ದರೆ ಸ್ಪ್ರಿಂಗ್-ಶಾಕ್ ಒಟ್ಟಿಗಿರುವ ದುಬಾರಿ ಕಾಯ್ಲ್‌ಓವರ್ ಮರೆತುಬಿಡಿ. ನಿಮ್ಮ ಮಾಡೆಲ್‌ಗೇ ಮಾಡಿದ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ, ವೀಲ್ ಅಲೈನ್‌ಮೆಂಟ್ ಬಿಡಬೇಡಿ. 30 ಮಿಲಿಮೀಟರ್ ತಗ್ಗಿದರೆ ಸಾಕು. ನನ್ನ ಕೇಳಿದರೆ ಮಳೆಗಾಲದ ಹೆದ್ದಾರಿ 66ರಲ್ಲಿ ಅದೂ ಜಾಸ್ತಿಯೇ.

ಏನೇ ಮಾಡಿಸುವ ಮೊದಲು ಹೊನ್ನಾವರದ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. 2019ರ ತಿದ್ದುಪಡಿ ಪ್ರಕಾರ ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು.