ಹೆಜ್ಜಾರ್ಲೆಯ ಬಾಣಂತನ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಹುಣಸೆಮರಗಳ ತಲೆ ಬೆಳ್ಳಗಾಗುತ್ತದೆ. ಶಿಂಷಾ ನದಿಗೆ ಹತ್ತಿರದ ಈ ಊರಿನ ಬೀದಿಬದಿ, ಹಿತ್ತಿಲುಗಳ ಮರಗಳ ಮೇಲೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಹಾರುವಷ್ಟು ದೊಡ್ಡವನ್ನಾಗಿ ಮಾಡಿಕೊಂಡು ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಅಷ್ಟು ತಿಂಗಳೂ ಮರದಡಿ ಹಿಕ್ಕೆ ಸುರಿಯುತ್ತದೆ. ಮರಿಗಳ ಕೊಕ್ಕಿನಿಂದ ಜಾರಿಬಿದ್ದ ಮೀನು ಅಲ್ಲೇ ಕೊಳೆತು ನಾರುತ್ತದೆ. ಹುಣಸೆಹಣ್ಣು ಬಡಿಯುವ ಕಾಲವೂ ಹಕ್ಕಿಗಳು ಗೂಡಿನಲ್ಲಿರುವ ಕಾಲವೂ ಒಂದೇ ಆದ್ದರಿಂದ ಗೂಡಿರುವ ಮರದ ಫಸಲನ್ನು ಮರದವನು ಬಿಟ್ಟೇಬಿಡಬೇಕು. ಇಷ್ಟಾದರೂ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಕಾಣುತ್ತ ಬಂದಿದ್ದಾರೆ. ಹೆರಿಗೆಗೆ ಬಂದ ಮಗಳಿಂದ ಎಷ್ಟು ಅಕ್ಕಿ ಖರ್ಚಾಯಿತು ಎಂದು ಯಾವ ಮನೆಯಲ್ಲೂ ಲೆಕ್ಕ ಬರೆದಿಡುವುದಿಲ್ಲವಲ್ಲ.

ಹಳ್ಳಿಯವರ ಒಳ್ಳೆಯ ಮನಸ್ಸು ಎಂದು ಮೆಚ್ಚಿ, ನಾಲ್ಕು ಫೋಟೊ ಹೊಡೆದುಕೊಂಡು ಬರುವುದು ಸುಲಭ. ಆದರೆ ಪರಿಸರದ ವಿಷಯದಲ್ಲಿ ನಾವು ತಲೆ ಕೆಡಿಸಿಕೊಳ್ಳುವ ಒಂದು ಪ್ರಶ್ನೆಗೆ ಈ ಊರು ಉತ್ತರದ ಸುಳಿವು ಕೊಡುತ್ತದೆ. ಒಂದೇ ಪಾಠ ಓದಿದ, ಒಂದೇ ಸುದ್ದಿ ಕೇಳಿದ ಇಬ್ಬರಲ್ಲಿ ಒಬ್ಬರು ನಲ್ಲಿ ತಿರುಗಿಸುವಾಗಲೂ ಯೋಚಿಸುತ್ತಾರೆ, ಇನ್ನೊಬ್ಬರಿಗೆ ಅದು ಲಕ್ಷ್ಯಕ್ಕೇ ಬರುವುದಿಲ್ಲ. ಏಕೆ? ತಿಳಿವಳಿಕೆ ಸಾಲದು, ಇನ್ನಷ್ಟು ಹೇಳಿಕೊಡಬೇಕು ಎಂಬುದು ನಮ್ಮ ರೂಢಿಯ ಉತ್ತರ. ಅದಕ್ಕೇ ಜೂನ್ 5ರ ಪರಿಸರ ದಿನ ಬಂದರೆ ಭಾಷಣ, ಪ್ರಬಂಧ ಸ್ಪರ್ಧೆ, ನೀರು ಹಾಕುವವರಿಲ್ಲದ ಒಂದು ಸಸಿ. ಮನುಷ್ಯರ ನಡವಳಿಕೆಯನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದವರು ಹೇಳುವುದು ಬೇರೆಯದೇ. ಅಮೆರಿಕದಲ್ಲಿ ಗ್ಯಾರಿ ಇವಾನ್ಸ್, ಸೀಗ್‌ಮಾರ್ ಓಟೊ ಮತ್ತು ಫ್ಲೋರಿಯನ್ ಕೈಸರ್ 6 ವರ್ಷದ ಮಕ್ಕಳನ್ನು 18 ತುಂಬುವವರೆಗೆ ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರರ ವಯಸ್ಸಿನಲ್ಲಿ ಆ ಮಗು ಪರಿಸರದ ಬಗ್ಗೆ ಏನು ಹೇಳುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂಬುದಕ್ಕೂ ಹದಿನೆಂಟರಲ್ಲಿ ಅದರ ನಡತೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ನಂಟು ಕಂಡದ್ದು ಅಮ್ಮ ಪರಿಸರವನ್ನು ಎಷ್ಟು ಹಚ್ಚಿಕೊಂಡಿದ್ದಳು, ಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದಳು, ಮಗು ಎಷ್ಟು ಹೊತ್ತು ಹೊರಗೆ ಆಡುತ್ತಿತ್ತು ಎಂಬುದಕ್ಕೆ. ಒಪ್ಪಿಸಿದ ಪಾಠ ಹಿಂದೆ ಬಿತ್ತು, ಮನೆ ಮತ್ತು ಬಯಲು ಉಳಿದವು.

ಈ ಎರಡನ್ನೂ ಬೇರೆಬೇರೆಯಾಗಿ ನೋಡುವುದು ವಾಡಿಕೆ: ಒಂದು ಸಂಸ್ಕಾರ, ಇನ್ನೊಂದು ಪ್ರಕೃತಿಪ್ರೇಮ. ನನ್ನ ವಾದವೆಂದರೆ ಇವು ಒಂದೇ ಎಳೆ. ಮಗುವಿಗೆ ಮರ, ಹಕ್ಕಿ, ಕೆರೆಗಳ ಮೇಲೆ ಅಕ್ಕರೆ ತಾನಾಗಿ ಹುಟ್ಟುವುದಕ್ಕಿಂತ ಹೆಚ್ಚಾಗಿ ತಾನು ನಂಬಿದ ದೊಡ್ಡವರೊಬ್ಬರು ಅವನ್ನು ಲಕ್ಷ್ಯಕೊಟ್ಟು ನೋಡುವುದನ್ನು ಕಂಡು ಹುಟ್ಟುತ್ತದೆ. ಲೂಯಿಸ್ ಚಾವ್ಲಾ ಎಂಬ ಸಂಶೋಧಕಿ ಅಮೆರಿಕದ ಕೆಂಟಕಿಯಲ್ಲೂ ನಾರ್ವೆಯಲ್ಲೂ ಪರಿಸರಕ್ಕಾಗಿ ದುಡಿಯುತ್ತಿದ್ದವರನ್ನು, ನಿಮ್ಮನ್ನು ಈ ದಾರಿಗೆ ತಂದದ್ದೇನು ಎಂದು ಕೇಳಿದ್ದರು. ಅವರ ವರದಿ ಬಂದದ್ದು 1999ರಲ್ಲಿ. ಎಲ್ಲಕ್ಕಿಂತ ಹೆಚ್ಚು ಬಾರಿ ಬಂದ ಉತ್ತರಗಳಲ್ಲಿ ಎರಡು, ಬಾಲ್ಯದಲ್ಲಿ ಅಲೆದ ಜಾಗಗಳು ಮತ್ತು ಮನೆಯ ಹಿರಿಯರು. ಆ ಹಿರಿಯರು ಉಪದೇಶ ಮಾಡಿದ್ದಕ್ಕಿಂತ ಜೊತೆಗೆ ನಿಂತು ನೋಡಿದ್ದೇ ಹೆಚ್ಚು ಎಂಬುದನ್ನು ಚಾವ್ಲಾ ಮುಂದೆಯೂ ಒತ್ತಿ ಬರೆದರು. ಡೆನ್ಮಾರ್ಕಿನಲ್ಲಿ ಆಲಿಸ್ ಗ್ರೋನ್‌ಹೋಯ್ ಮತ್ತು ಜಾನ್ ಥೋಗರ್ಸನ್ ಸುಮಾರು 600 ಕುಟುಂಬಗಳ ಹೆತ್ತವರನ್ನೂ ಹದಿಹರೆಯದ ಮಕ್ಕಳನ್ನೂ ವಿಚಾರಿಸಿದಾಗಲೂ ಇದೇ ಕಂಡಿತು. ತಂದೆತಾಯಿ ಮನಸ್ಸಿನಲ್ಲಿ ಏನು ನಂಬಿದ್ದಾರೆ ಎಂಬುದು ಮಕ್ಕಳಿಗೆ ದಾಟುವುದು ಹೆಚ್ಚಾಗಿ ಕೈಯಾರೆ ಮಾಡಿದ ಕೆಲಸದ ಮೂಲಕವೇ. ಲೈಟು ಆರಿಸುವುದು, ಕಸ ಬೇರೆ ಮಾಡುವುದು ಹೀಗೆ ಕಣ್ಣಿಗೆ ಬೀಳುವ ಕೆಲಸಗಳನ್ನು ಮಕ್ಕಳು ಹಿಡಿದುಕೊಳ್ಳುತ್ತಾರೆ. ಕೊಕ್ಕರೆ ಬೆಳ್ಳೂರಿನ ಮಗುವಿಗೆ ಹಕ್ಕಿ ಸಂರಕ್ಷಣೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಫಸಲಿರುವ ಮರದ ಕೆಳಗೆ ಅಜ್ಜ ಕೋಲು ಹಿಡಿಯದೆ ಸುಮ್ಮನೆ ಹಾದುಹೋಗುವುದನ್ನು ಅದು ವರ್ಷ ವರ್ಷ ನೋಡುತ್ತದೆ.

ಇಲ್ಲಿ ಲೆಕ್ಕ ಬಲ್ಲವರು ತಕರಾರು ತೆಗೆಯಬಹುದು. ಅಕ್ಕರೆ ಗಿಕ್ಕರೆ ಏನಿಲ್ಲ, ಎಲ್ಲ ಗೊಬ್ಬರಕ್ಕಾಗಿ ಎನ್ನಬಹುದು. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಊರಿನವರು ಗೂಡುಮರದಡಿ ಗುಂಡಿ ತೋಡಿ, ಹಿಕ್ಕೆ ಬೀಳಲು ಬಿಟ್ಟು, ಅದಕ್ಕೆ ಕೆರೆಗೋಡು ಬೆರೆಸಿ ಹೊಲಗದ್ದೆಗೆ ಹೊಡೆಯುತ್ತಿದ್ದರು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳ, ಬೆಳೆಗೆ ಅದು ಹಬ್ಬದೂಟ. ಹಾಗಿದ್ದರೂ ಗೊಬ್ಬರವೊಂದೇ ಕಾರಣವಾಗಿದ್ದರೆ ಅಂಗಡಿಯಲ್ಲಿ ಯೂರಿಯಾ ಮೂಟೆ ಸಿಗತೊಡಗಿದ ದಿನವೇ ಹಕ್ಕಿಗೂ ಊರಿಗೂ ಋಣ ತೀರಬೇಕಿತ್ತು. ತೀರಲಿಲ್ಲ. ಇಲ್ಲಿ ಲಾಭ ಮತ್ತು ಪ್ರೀತಿ ಎಂಬ ಎರಡು ಖಾತೆಗಳನ್ನು ಬೇರೆ ಮಾಡುವುದೇ ತಪ್ಪೆಂದು ನನಗನ್ನಿಸುತ್ತದೆ. ಮನೆಯೊಳಗಿನ ಯಾವ ಸಂಬಂಧವೂ ಬರೀ ಪ್ರೀತಿಯಲ್ಲಿ ನಡೆಯುವುದಿಲ್ಲ, ಬರೀ ಲಾಭದಲ್ಲೂ ನಡೆಯುವುದಿಲ್ಲ. ದುಡಿಯುವ ಎತ್ತಿಗೆ ಸಂಕ್ರಾಂತಿಯಂದು ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಮನೆಗೆ ಈ ಬೆರಕೆ ವಿಚಿತ್ರವೇನಲ್ಲ. ಉಪಯೋಗ ಹತ್ತಿರಕ್ಕೆ ತರುತ್ತದೆ, ಒಡನಾಟ ನಂಟನ್ನು ಗಟ್ಟಿ ಮಾಡುತ್ತದೆ, ಮುಂದೆ ಉಪಯೋಗ ಕಡಿಮೆಯಾದರೂ ನಂಟು ಕೆಲಕಾಲ ನಿಲ್ಲುತ್ತದೆ.

ಕೆಲಕಾಲ ಮಾತ್ರ. ಈ ಮಾತನ್ನು ಮುಚ್ಚಿಟ್ಟರೆ ಕುಟುಂಬದ ಮೌಲ್ಯಗಳ ಬಗ್ಗೆ ಬರೆಯುವುದೆಲ್ಲ ಹೊಗಳಿಕೆಯಾಗಿಬಿಡುತ್ತದೆ. ಹುಣಸೆಮರ ಅಂದರೆ ಕಾಸು. ಮದುವೆ, ಆಸ್ಪತ್ರೆ, ಸಾಲ ಎಂದು ಕೈ ಕಟ್ಟಿದಾಗ ಮರ ಕಡಿದು ಮಾರಿದವರು ಆ ಊರಲ್ಲೂ ಉಂಟು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಈ ಹಕ್ಕಿಧಾಮವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಗೂಡಿರುವ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪಕ್ಷಿಪ್ರಿಯರು ಊರಿನ ಯುವಕರ ಜೊತೆಗೂಡಿದರು, ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸ ಶುರುವಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ತವರಿನ ಅಕ್ಕರೆಗೆ ಹೊರಗಿನಿಂದ ಊರುಗೋಲು ಬೇಕಾಯಿತು ಎಂದರೆ ಆ ಅಕ್ಕರೆ ಪೊಳ್ಳು ಎಂದಲ್ಲ. ಒಂದು ಮನೆ ಹೊರಬಹುದಾದ ಭಾರಕ್ಕೆ ಮಿತಿಯಿದೆ, ಅಷ್ಟೆ. 2017–18ರಲ್ಲಿ ಜಂತುಹುಳುವಿನ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಆ ಮಿತಿ ಇನ್ನೂ ಸ್ಪಷ್ಟವಾಯಿತು. ಹಕ್ಕಿ ಮಲಗುವುದು ಊರಿನ ಮರದಲ್ಲಿ, ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳ ನೀರು ಹೇಗಿರಬೇಕೆಂದು ತೀರ್ಮಾನಿಸುವ ಅಧಿಕಾರ ಯಾವ ಅಜ್ಜಿಗೂ ಇಲ್ಲ. ಕೊಡಗಿನ ದೇವರಕಾಡುಗಳದೂ ಇದೇ ಪಾಡು. ಊರಿಗೊಂದಾದರೂ ಎಂಬಂತೆ ಸಾವಿರಕ್ಕೂ ಮಿಕ್ಕಿ ಕಾಡುಗಳು, ಕಡ್ಡಿ ಮುರಿದರೂ ದೇವರು ಕೇಳುತ್ತಾನೆಂಬ ಅಂಜಿಕೆ. ಹಾಗಿದ್ದೂ ಕಾಫಿಯ ಆಸೆಯೂ ಒತ್ತುವರಿಯೂ ಸೇರಿ 1985ರ ಹೊತ್ತಿಗೆ ಅವುಗಳ ವಿಸ್ತೀರ್ಣ ಸುಮಾರು 6,300 ಎಕರೆಗೆ ಇಳಿದಿತ್ತು. ಒಂದು ಶತಮಾನದೊಳಗೆ ಐದರಲ್ಲಿ ಎರಡು ಪಾಲಾದರೂ ಕೈಬಿಟ್ಟು ಹೋಗಿತ್ತು.

ಎರಡನೆಯ ಆಕ್ಷೇಪ ಇನ್ನೂ ಹರಿತ. ನಮ್ಮ ಹಿರಿಯರು ಪರಿಸರಸ್ನೇಹಿಗಳಾಗಿದ್ದರು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಹಳೆ ಸೀರೆ ಕೌದಿಯಾಗುತ್ತಿತ್ತು, ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಸೇರಿ ಎಮ್ಮೆಗೆ ಹೋಗುತ್ತಿತ್ತು, ಬಚ್ಚಲ ನೀರು ಬಾಳೆಬುಡಕ್ಕೆ ಹರಿಯುತ್ತಿತ್ತು. ಅದು ಮೌಲ್ಯವೋ, ಬಡತನವೋ? ಬಹುಪಾಲು ಬಡತನವೇ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಕೈಯಲ್ಲಿ ಕಾಸು ಆಡಿದ ಕೂಡಲೇ ಕೌದಿ ಮೂಲೆಗೆ ಬಿದ್ದು ಬ್ಲಾಂಕೆಟ್ ಬಂದದ್ದು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ಸ್ಟೆಫನಿ ಮೋಸರ್ ಮತ್ತು ಸಿಲ್ಕೆ ಕ್ಲೈನ್‌ಹೂಕೆಲ್‌ಕೋಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉಪ್ಪು ಸವರುತ್ತದೆ. ತಮ್ಮನ್ನು ಪರಿಸರಪ್ರಿಯರೆಂದು ಕರೆದುಕೊಳ್ಳುವವರು ಸಣ್ಣಪುಟ್ಟ ಒಳ್ಳೆಯ ಕೆಲಸಗಳನ್ನೇನೋ ಮಾಡುತ್ತಾರೆ. ಒಟ್ಟು ಎಷ್ಟು ಇಂಧನ ಸುಡುತ್ತಾರೆ ಎಂಬುದನ್ನು ಮಾತ್ರ ಮುಖ್ಯವಾಗಿ ನಿರ್ಧರಿಸುವುದು ಅವರ ಆದಾಯ. ನಮ್ಮಲ್ಲೂ ಬಾಲ್ಕನಿಯಲ್ಲಿ ಕಾಂಪೋಸ್ಟ್ ಡಬ್ಬ, ಕೆಳಗೆ ಪಾರ್ಕಿಂಗಿನಲ್ಲಿ ಎರಡು ಕಾರು ಇರುವ ಮನೆಗಳೇನು ಕಡಿಮೆ ಇಲ್ಲ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಸಿರಿತನ ಬಂದಾಗ ಮೊದಲು ಕಳಚಿ ಬೀಳುವುದು ಕಾರಣ ಹೇಳದೆ ಬರೀ ಅಭ್ಯಾಸವಾಗಿ ದಾಟಿಸಿದ ಮಿತವ್ಯಯ. ಅದನ್ನು ಕಷ್ಟದ ದಿನಗಳ ಗುರುತೆಂದು ನಾಚಿಕೊಂಡು ಬಿಡುತ್ತೇವೆ. ಅನ್ನ ಚೆಲ್ಲಬಾರದೆಂಬ ಪಾಠ ಹಾಗಲ್ಲ. ಅದು ಉಳ್ಳವರ ಮನೆಗಳಲ್ಲೂ ಎಷ್ಟೋ ಕಡೆ ಉಳಿದುಕೊಂಡಿದೆ, ಏಕೆಂದರೆ ಅನ್ನದ ಹಿಂದೆ ಬೆಳೆದವನ ಬೆವರಿದೆ, ಅದು ದೇವರು ಎಂಬ ಭಾವ ಕೂಡಿಕೊಂಡಿತ್ತು. ನೀರಿಗೆ, ಕರೆಂಟಿಗೆ, ಪೆಟ್ರೋಲಿಗೆ ಅಂಥ ಭಾವವನ್ನು ನಾವು ಇನ್ನೂ ಕಟ್ಟಿಕೊಟ್ಟಿಲ್ಲ.

ಹಾಗಾದರೆ ಹುಣಸೆಮರವೂ ಇಲ್ಲದ, ಹೆಜ್ಜಾರ್ಲೆಯೂ ಬಾರದ ನಗರದ ಮನೆಗಳು ಏನು ಮಾಡಬೇಕು? ಮಗುವನ್ನು ವರ್ಷಕ್ಕೊಮ್ಮೆ ರೆಸಾರ್ಟಿಗೆ ಕರೆದೊಯ್ಯುವುದು ಹೊರಗಿನ ಒಡನಾಟವಾಗದು. ನ್ಯಾನ್ಸಿ ವೆಲ್ಸ್ ಮತ್ತು ಕ್ರಿಸ್ಟಿ ಲೆಕೀಸ್ ಅಮೆರಿಕದ ನಗರವಾಸಿಗಳ ನಡುವೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೊಂದು ವರ್ಷಕ್ಕೆ ಮುಂಚೆ ಕಾಡುಮೇಡು ಅಲೆದವರಲ್ಲಿ ಮುಂದೆ ಪರಿಸರದ ಕಾಳಜಿ ಹೆಚ್ಚು ಕಂಡಿತು. ಹೂಗಿಡ ತರಕಾರಿ ನೆಟ್ಟು ಬೆಳೆಸಿದವರಲ್ಲೂ ಕಂಡಿತು, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ಬೆಂಗಳೂರಿನಲ್ಲಿ ಮಗುವಿಗೆ ಅಲೆಯಲು ಕಾಡೆಲ್ಲಿದೆ ಎಂದರೆ ಕೆರೆಯಂಗಳ, ಖಾಲಿ ಸೈಟು, ರಸ್ತೆಬದಿಯ ಹೊಂಗೆ ಇವೆಯಲ್ಲ. ಇರುವೆ ಸಾಲು ನೋಡುತ್ತ ಕೂತ ಮಗುವನ್ನು ಕೈ ಕೊಳೆಯಾಗುತ್ತದೆಂದು ಎಳೆದುಕೊಂಡು ಬಾರದಿದ್ದರೆ ಸಾಕು. ಉಳಿದದ್ದು ಅಡುಗೆಮನೆಯ ಕೆಲಸ. 2015ರಲ್ಲಿ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸದಂಥದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಆದೇಶ ಎಲ್ಲರಿಗೂ ಒಂದೇ. ಆದರೂ ಕೆಲವು ಮನೆಗಳಲ್ಲಿ ಅದು ಹಲ್ಲುಜ್ಜುವಷ್ಟು ಸಹಜವಾಯಿತು, ಕೆಲವು ಮನೆಗಳಲ್ಲಿ ಇಂದಿಗೂ ಕಸದ ಗಾಡಿಯವರೊಂದಿಗೆ ಜಗಳ. ಕಾನೂನು ಬಾಗಿಲವರೆಗೆ ಬರುತ್ತದೆ, ಒಳಗೆ ಮೊಸರಿನ ಪೊಟ್ಟಣವನ್ನು ತೊಳೆದು ಒಣಹಾಕುವವರು ಬೇಕು.

ಯಾರು ತೊಳೆಯುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಸಂಸ್ಕಾರದ ಮಾತೆತ್ತಿದಾಗಲೆಲ್ಲ ಆ ಹೊರೆ ಸದ್ದಿಲ್ಲದೆ ತಾಯಿಯ ತಲೆಗೆ, ಅನುಕೂಲಸ್ಥರ ಮನೆಯಾದರೆ ಕೆಲಸದವಳ ಕೈಗೆ ಹೋಗಿ ಕೂರುತ್ತದೆ. ಮೇಲೆ ಹೇಳಿದ ಹನ್ನೆರಡು ವರ್ಷದ ಅಧ್ಯಯನವೂ ಅಳೆದದ್ದು ತಾಯಂದಿರನ್ನೇ. ಇದನ್ನು ಹಿಡಿದು ಎಲ್ಲ ಅಮ್ಮನಿಂದಲೇ ಆಗಬೇಕು ಎಂದು ಯಾರಾದರೂ ಹೇಳಿದರೆ ಅದು ಪುರಾವೆಯನ್ನು ತಪ್ಪಾಗಿ ಓದಿದ ಹಾಗೆ. ಮೌಲ್ಯ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವುದೂ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಡ್ಯಾನಿಯೆಲ್ ಲಾಸನ್ ಮತ್ತು ಸಂಗಡಿಗರು ಶಾಲಾಮಕ್ಕಳಿಗೆ ಹವಾಮಾನ ಬದಲಾವಣೆಯ ಪಾಠ ಕೊಟ್ಟು, ಅದರ ಭಾಗವಾಗಿ ಮನೆಯವರೊಂದಿಗೆ ಮಾತಾಡಿ ಬರಲು ಹೇಳಿದರು. 2019ರಲ್ಲಿ ಬಂದ ಫಲಿತಾಂಶದಂತೆ ಮಕ್ಕಳ ಜೊತೆಗೆ ಹೆತ್ತವರ ಕಾಳಜಿಯೂ ಏರಿತ್ತು. ಹೆಚ್ಚು ಬದಲಾದವರು ಮೊದಲು ಈ ವಿಷಯಕ್ಕೆ ಮುಖ ತಿರುಗಿಸುತ್ತಿದ್ದ ಸಂಪ್ರದಾಯವಾದಿಗಳು ಮತ್ತು ಅಪ್ಪಂದಿರು. ಹೆತ್ತವರನ್ನು ಒಪ್ಪಿಸುವುದರಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಕೈಯೇ ಮೇಲಾಗಿತ್ತು. ಶಾಲೆಯ ಪಾಠ ವ್ಯರ್ಥ ಎಂದು ಮೊದಲ ಅಧ್ಯಯನದಿಂದ ಆತುರದ ತೀರ್ಮಾನಕ್ಕೆ ಬಂದವರಿಗೆ ಇಲ್ಲಿ ಉತ್ತರವಿದೆ: ಪಾಠ ಮನೆಯ ಮಾತಾದಾಗ ಅದಕ್ಕೆ ಜೀವ ಬರುತ್ತದೆ. ಮಕ್ಕಳು ಕಂಡದ್ದನ್ನು ಕಲಿಯುತ್ತಾರೆ ಎಂಬ ಡೆನ್ಮಾರ್ಕಿನ ಮಾತನ್ನು ಒಪ್ಪುವುದಾದರೆ ಅದರ ಇನ್ನೊಂದು ಮುಖವನ್ನೂ ಒಪ್ಪಬೇಕು. ಅಮ್ಮ ಒಬ್ಬಳೇ ಹಸಿ ಕಸ, ಒಣ ಕಸ ಬೇರೆ ಮಾಡುತ್ತ, ಅಪ್ಪ ಪೇಪರ್ ಲೋಟವನ್ನು ಉಳಿದ ಕಾಫಿಯ ಸಮೇತ ಕೈಗೆ ಸಿಕ್ಕ ಡಬ್ಬಕ್ಕೆ ಎಸೆಯುವ ಮನೆಯಲ್ಲಿ ಮಗ ಪರಿಸರದ ಪಾಠವನ್ನೇನೋ ಕಲಿಯುತ್ತಾನೆ. ಅದು ಹೆಂಗಸರ ಕೆಲಸ ಎಂಬ ಪಾಠವನ್ನೂ ಜೊತೆಗೇ ಕಲಿಯುತ್ತಾನೆ.